ಹೂಂ ಅಂದರೆ ಒಪ್ಪಿಗೆಯಲ್ಲ

ಬೆಟಗೇರಿ
ಫೆಬ್ರವರಿ ಮೂವತ್ತು, ೨೧೭೧

ಹಿರಿಯರೇ,

ತಾರೀಖು ತಪ್ಪಿಲ್ಲ. ಫೆಬ್ರವರಿಗೆ ಇನ್ನೆರಡು ದಿನ ಸೇರಿಸೋಣವೇ ಎಂದು ನಮ್ಮನ್ನು ಕೇಳಿದರಂತೆ, ನಾವು ಒಪ್ಪಿದೆವಂತೆ. ಇಲ್ಲಿ ಯಾರಿಗೂ ಅದರ ನೆನಪಿಲ್ಲ. ನನ್ನ ಕನ್ನಡ ನಿಮಗೆ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಬರೆದದ್ದನ್ನು ಬಾಯಿಬಿಟ್ಟು ಓದಿ ತಿದ್ದುವ ಧೈರ್ಯ ನನಗಿಲ್ಲ.

ನಮ್ಮಲ್ಲಿ ಪ್ರತಿ ಮನೆಯ ಗೋಡೆಯೊಳಗೂ ಒಬ್ಬ ‘ಕೇಳುಗ’ ಇರುತ್ತಾನೆ. ನೀವು ಸಾಲಿನಲ್ಲಿ ನಿಂತು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮತ ಹಾಕುತ್ತಿದ್ದಿರಂತೆ. ನಮಗೆ ಆ ತೊಂದರೆ ಬೇಡವೆಂದು ಈ ಯಂತ್ರವೇ ಮನೆಗೆ ಬಂದು ಕೂತಿದೆ. ರೊಟ್ಟಿ ಬಡಿಯುವಾಗ, ಮಗುವಿಗೆ ಎಣ್ಣೆ ಹಚ್ಚುವಾಗ, ಚರಂಡಿಯ ವಿಷಯ, ಬಸ್ಸಿನ ಹಾದಿಯ ವಿಷಯ ಮೆಲ್ಲಗೆ ವಿವರಿಸುತ್ತಾನೆ. ಕಿವಿಗೊಟ್ಟಿದ್ದೇವೆ ಎಂದು ತಿಳಿಯಲಿ ಅಂತ ನಾವು ನಡುನಡುವೆ ಹೂಂ ಅನ್ನುತ್ತೇವೆ. ಅದನ್ನೇ ಅವನು ಒಪ್ಪಿಗೆ ಎಂದು ಬರೆದುಕೊಳ್ಳುತ್ತಾನೆ. ‘ನೋಡೋಣ’ ಎಂದರೂ ಅಷ್ಟೇ. ನೋಡೋಣ ಅಂದರೆ ಆಗುವುದಿಲ್ಲ ಎಂದರ್ಥ, ಎಳೆಮಕ್ಕಳಿಗೂ ಗೊತ್ತು. ಅವನಿಗೊಬ್ಬನಿಗೆ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಸುಮ್ಮನಿದ್ದಾನೆ. ನನಗೆ ಎರಡನೆಯದರ ಮೇಲೇ ಗುಮಾನಿ.

ನಮ್ಮ ವಾರ್ಡಿನ ಕಟ್ಟೆ ಹೋದದ್ದು ಹೀಗೆಯೇ. ಮೆಂಬರನ್ನು ಅಲ್ಲಿ ಕೂರಿಸಿಕೊಂಡು ಬೆವರಿಳಿಸುತ್ತಿದ್ದೆವು. ಒಂದು ದಿನ ನೋಡಿದರೆ ಕಟ್ಟೆಯೇ ಇಲ್ಲ. ನಗರಸಭೆಗೆ ಜಗಳಕ್ಕೆ ಹೋದಾಗ, ಕಟ್ಟೆ ಬೇಡ ಎಂಬ ಮಾತಿಗೆ ನಾವು ಅಂದ ಹೂಂಗಳನ್ನು ನಮ್ಮದೇ ದನಿಯಲ್ಲಿ ಕೇಳಿಸಿದರು. ತೆಪ್ಪಗೆ ಮನೆಗೆ ಬಂದೆವು.

ಬರುವ ಸೋಮವಾರದ ಪ್ರಶ್ನೆ ಇನ್ನೂ ದೊಡ್ಡದು. ನಿಮ್ಮ ಮನಸ್ಸು ಕೇಳುಗನಿಗೆ ಗೊತ್ತಿರುವಾಗ, ಮೆಂಬರನ್ನು ಆರಿಸಲು ಉಳಿದಿರುವ ಚುನಾವಣೆಯಾದರೂ ಇನ್ನೇಕೆ ಎಂದು ಕೇಳುತ್ತಾರಂತೆ. ಇದಕ್ಕೂ ಹೂಂ ಅಂದುಬಿಟ್ಟರೆ ಇನ್ನು ಯಾರನ್ನೂ ಕುರ್ಚಿಯಿಂದ ಇಳಿಸಲಾಗದು. ನನಗೆ ನಿಜಕ್ಕೂ ಹೆದರಿಕೆಯಾಗಿದೆ.

ಅದಕ್ಕೇ ನಮ್ಮ ಓಣಿಯವರೆಲ್ಲ ಹೂಂ ಅನ್ನುವುದನ್ನು ಬಿಡುವ ಅಭ್ಯಾಸಕ್ಕೆ ಕೂತೆವು. ನನ್ನ ಚಿಗವ್ವ ದ್ಯಾಮವ್ವ ಕಥೆ ಹೇಳುವುದರಲ್ಲಿ ಎತ್ತಿದ ಕೈ. ಅವಳು ಹೇಳುವುದು, ನಾವು ತುಟಿ ಬಿಗಿದು ಕೇಳುವುದು ಎಂದು ಮಾತಾಯಿತು. ರಾಜಕುಮಾರ ಇನ್ನೂ ಕುದುರೆ ಹತ್ತಿರಲಿಲ್ಲ, ಚಿಗವ್ವ ನಿಲ್ಲಿಸಿಬಿಟ್ಟಳು. “ಹೂಂ ಅನ್ನೋರ ಇಲ್ಲಂದ್ರ ಕತಿ ಯಾರಿಗೆ ಹೇಳ್ಲಿ ಯವ್ವಾ? ಗ್ವಾಡಿಗೇನು?” ಎಂದು ಎದ್ದು ಹೋದಳು. ಆಮೇಲೆ ಅವಳು ಕಥೆಯನ್ನೇ ಹೇಳಿಲ್ಲ. ಉಂಡೆಯಾ ಎಂದು ಕೇಳಿದರೆ ಮೊದಲು ಗೋಡೆಯ ಕಡೆ ನೋಡುತ್ತಾಳೆ, ಆಮೇಲೆ ತಲೆಯಾಡಿಸುತ್ತಾಳೆ. ಓಣಿಯಲ್ಲಿ ಈಗ ಯಾರೂ ಯಾರೊಡನೆಯೂ ಎರಡು ಮಾತಿಗಿಂತ ಹೆಚ್ಚು ಆಡುವುದಿಲ್ಲ. ಕೇಳುಗನಿಗೆ ಬೇಕಾಗಿದ್ದದ್ದೇ ಇದು ಎಂದೂ ನನಗೆ ಅನುಮಾನ.

ಕೇಳುಗನಿಗೆ ಕನ್ನಡ ಕಲಿಸಿದ್ದು ನಿಮ್ಮ ಕಾಲದಲ್ಲಿ. ಹೂಂ ಅಂದರೆ ಹೌದು ಎಂದು ಬರೆದುಕೊಟ್ಟವರು ಪರಭಾಷೆಯವರಂತೂ ಅಲ್ಲ. ಅವರಾಗಿದ್ದರೆ ಸಂಶಯ ಬಂದು ಯಾರನ್ನಾದರೂ ಕೇಳುತ್ತಿದ್ದರು. ನಮ್ಮವರೇ ಯಾರೋ, ಇದೇನು ಮಹಾ ಎಂದು ಅವಸರದಲ್ಲಿ ಬರೆದಿದ್ದಾರೆ. ಈಗ ನಿಮ್ಮ ಪಕ್ಕದಲ್ಲೇ ಕೂತಿರಬಹುದು. ದಯವಿಟ್ಟು ಹುಡುಕಿ. ಬೈಯಬೇಡಿ. ಹತ್ತಿರ ಕೂರಿಸಿಕೊಂಡು ಒಂದು ಕಥೆ ಶುರುಮಾಡಿ. ನಾಲ್ಕು ಮಾತು ಮುಗಿಯುವಷ್ಟರಲ್ಲಿ ಅವರು ಹೂಂ ಅಂದೇ ಅನ್ನುತ್ತಾರೆ. ಅಲ್ಲಿಗೇ ನಿಲ್ಲಿಸಿ ಕೇಳಿ: ಈಗ ಯಾವುದಕ್ಕೆ ಒಪ್ಪಿದಿರಿ?

ನಿಮ್ಮ ಮರಿಮಕ್ಕಳ ಪೈಕಿಯವಳು,
ನೀಲಗಂಗಾ