ಕುಸುಬಿಗೆ ಹಚ್ಚಿದ ಪುಡಿ

ತೋಟದ ವಸ್ತಿ, ಅಕ್ಕಲಕೋಟ ತಾಲೂಕು
ಶನಿವಾರ, ೧೨ ಜುಲೈ ೨೦೨೫

ನನ್ನ ಮುದ್ದಿನ ರೂಪಾಲಿಗೆ,

ಹೇಗಿದ್ದೀ ತಾಯಿ? ನೆಗಡಿ ಇಳಿಯಿತೇ? ಅಳಿಯಂದಿರು ಆರಾಮವೇ? ಇಲ್ಲಿ ನನ್ನ ಮಂಡಿಯೊಂದು ಹಟ ಹಿಡಿದಿದೆ. ನಿಮ್ಮವ್ವ ಗಟ್ಟಿಯಾಗಿದ್ದಾಳೆ, ನನ್ನನ್ನು ಬೈಯುವಷ್ಟು. ಪತ್ರ ಯಾಕೆ ಅನ್ನುತ್ತೀಯಾ? ಫೋನ್ ಹಿಡಿದರೆ ಆಕೆ ಸ್ಪೀಕರ್ ಹಾಕಿಸುತ್ತಾಳೆ, ಈ ಮಾತು ಆಕೆಯ ಕಿವಿಗೆ ಬೀಳಬಾರದು. ಅದಕ್ಕೇ ಕೊಟ್ಟಿಗೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬರೆಯುತ್ತ ಗಟ್ಟಿಯಾಗಿ ಓದುವ ನನ್ನ ಚಟ ನಿನಗೆ ಗೊತ್ತಲ್ಲ, "ಅಪ್ಪನ ಪತ್ರ ಟಪಾಲಕಿಂತ ಮೊದಲ ಊರಿಗೇ ಮುಟ್ಟತೈತಿ" ಎಂದು ನೀನು ನಗುತ್ತಿದ್ದೆ. ಇವತ್ತು ತುಟಿ ಕಚ್ಚಿಕೊಂಡು ಬರೆಯಬೇಕಾಗಿದೆ.

ನಿನ್ನೆ ನಿನ್ನ ತಮ್ಮ ಓಂಕಾರ ಫೋನ್ ಮಾಡಿ, "ಅಕ್ಕಾ, ಎಣ್ಣಿ ಮಾರಬ್ಯಾಡ, ಯಾರಿಗರೆ ಕೊಟ್ಟಿದ್ರ ತಿರುಗಿ ಇಸ್ಕೋ" ಅಂದನಲ್ಲ, ಅದು ನಾನು ಹೇಳಿಸಿದ್ದು. ನಿನ್ನ ವಿಜಾಪುರ ರಸ್ತೆಯ ಅಂಗಡಿಗೆ ಸಾವಯವ ಎಣ್ಣೆ ದೂರದಿಂದ ಲಾರಿಯಲ್ಲಿ ಬರುತ್ತಿತ್ತು. "ಅಪ್ಪಾ, ವಿಷ ಇಲ್ಲದ ಎಣ್ಣಿ ತರಾಕ ದಾರಿತುಂಬ ಡೀಸೆಲ್ ಹೊಗಿ ಬಿಡೋದು ಯಾವ ಶಾಣ್ಯಾತನ?" ಎಂದು ನೀನು ಕೇಳಿದ್ದು ನನಗೆ ನಾಟಿತು. ಜೋಳಕ್ಕೆ ದನ ನುಗ್ಗದಂತೆ ಅಂಚಿಗಷ್ಟೇ ಹಾಕುತ್ತಿದ್ದ ಕುಸುಬಿಯನ್ನು ಹೊಲದ ತುಂಬ ಬಿತ್ತಿದೆ. ಗಿಡಕ್ಕೆ ಹೇನು ಬಿದ್ದಾಗ ಬೇವಿನ ಕಷಾಯ ಬಿಟ್ಟು ಬೇರೊಂದು ಹನಿ ಮುಟ್ಟಿಸಲಿಲ್ಲ. ನಿಮ್ಮವ್ವ ಕೈಗೆ ಅರಿವೆ ಸುತ್ತಿಕೊಂಡು ಆ ಮುಳ್ಳಿನಲ್ಲಿ ಕೊಯ್ದಳು. ಹೋಟಗಿಯ ಗಾಣದಲ್ಲಿ ಎಣ್ಣೆ ತೆಗೆಸಿ ನಿನಗೆ ಕಳಿಸಿದ ದಿನ ನನ್ನ ಎದೆ ಉಬ್ಬಿತ್ತು.

ನಿನ್ನೆ ಕುಸುಬಿ ಇಟ್ಟಿದ್ದ ಡ್ರಮ್ಮು ತೊಳೆಯಲು ಹೋದರೆ ತಳದಲ್ಲಿ ಬಿಳಿ ಪುಡಿ. ಗಾಣಕ್ಕೆ ಒಯ್ಯುವಾಗ ಧೂಳು ಅಂದುಕೊಂಡಿದ್ದೆ. ನಿಮ್ಮವ್ವನನ್ನು ಕೇಳಿದರೆ, "ಹುಳ ಹತ್ತಬಾರದಂತ ಔಷಧದ ಪುಡಿ ಹಚ್ಚಿಟ್ಟಿದ್ನಿರಿ. ಮಗಳ ಮಾಲು, ಕೆಟ್ಟರ ಹ್ಯಾಂಗ?" ಅಂದಳು. ಬಿತ್ತುವ ಬೀಜಕ್ಕೆ ಪ್ರತಿ ವರ್ಷ ಹಚ್ಚುವವಳು, ಕೈಗೆ ರೂಢಿ. ಹೊಲದಲ್ಲಿ ಕಾದದ್ದು ಮನೆಯಲ್ಲಿ ಕೆಟ್ಟಿತು. ಬೈಯುವುದು ಬಿಟ್ಟು ಡ್ರಮ್ಮು ತೊಳೆದಿಟ್ಟೆ; ಆ ವಿಷ ಎಣ್ಣೆಗೂ ಇಳಿದಿದೆ ಎಂದು ಆಕೆಗೆ ಹೇಳಿಲ್ಲ.

ನಿನ್ನ ಪಕ್ಕದ ಮನೆಯ ಕಸ್ತೂರಬಾಯಿಯವರಿಂದ ಬಾಟಲಿ ತಿರುಗಿ ಇಸಿದುಕೊಂಡೆಯಂತೆ. ಆದರೆ ಅವರ ಬಾಣಂತಿ ಸೊಸೆಯ ಪಲ್ಯಕ್ಕೆ ಒಗ್ಗರಣೆ ಆಗಿಹೋಗಿತ್ತು ಎಂದು ಕೇಳಿದಾಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ ಮಗಳೇ. ಇವತ್ತೇ ಡಾಕ್ಟರಿಗೆ ತೋರಿಸಲು ಹೇಳು. ಈ ಪತ್ರ ಓಂಕಾರನೇ ಇವತ್ತು ತರುತ್ತಾನೆ; ಪುಡಿಯ ಪಾಕೀಟೂ ಅವನ ಕೈಯಲ್ಲಿ ಕೊಟ್ಟಿದ್ದೇನೆ, ಡಾಕ್ಟರಿಗೆ ತೋರಿಸಿ. "ನಮ್ಮಪ್ಪನ ಹೊಲದ್ದು" ಎಂದು ಮಾತು ಕೊಟ್ಟವರಿಗೆಲ್ಲ ನಿಜ ಹೇಳು. ಮತ್ತೆ ದೂರದ ಲಾರಿಯನ್ನೇ ಕರೆಸುವುದಾದರೆ ಕರೆಸು. ನನಗೆ ಸಂಕಟ ಆಗುವುದಿಲ್ಲ ಎಂದರೆ ಸುಳ್ಳಾದೀತು. ಆದರೆ ತಪ್ಪು ಅಪ್ಪನದು ಅನ್ನು, ನಿಮ್ಮವ್ವನ ಹೆಸರು ಎಲ್ಲಿಯೂ ಎತ್ತಬೇಡ.

ಅಳಿಯಂದಿರಿಗೆ ನನ್ನ ಶರಣು. ಸಿದ್ಧರಾಮ ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಚನ್ನವೀರಪ್ಪ

ತಾ.ಕ.: ತುಟಿ ಕಚ್ಚಿದ್ದು ದಂಡ. ಗಟ್ಟಿಯಾಗಿ ಓದುತ್ತಲೇ ಬರೆದಿದ್ದೇನೆ, ನಿಮ್ಮವ್ವ ಹಿಂದೆಯೇ ಮೇವಿನ ಬುಟ್ಟಿ ಹಿಡಿದು ನಿಂತಿದ್ದಳು. ಅಳಲಿಲ್ಲ. ಸೀರೆ ಬದಲಿಸಿ, ಪುಡಿಯ ಪಾಕೀಟನ್ನು ಓಂಕಾರನ ಕೈಯಿಂದ ಕಸಿದುಕೊಂಡು ಬಸ್ಸಿಗೆ ಹೊರಟಿದ್ದಾಳೆ; ಈ ಪತ್ರ ಹಿಡಿದು ಓಂಕಾರನೂ ಆಕೆಯ ಜೊತೆಗೇ ಬರುತ್ತಿದ್ದಾನೆ. "ಹಚ್ಚಿದಾಕಿ ನಾ. ಕಸ್ತೂರಬಾಯಿ ಮನಿ ಬಾಗಲಕ ಹೋಗಾಕಿನೂ ನಾನಽ" ಅಂದಳು. ತಡೆಯಬೇಡ ಮಗಳೇ, ಜೊತೆಗೆ ಹೋಗು.