ಕಪ್ಪಾದ ಹಲ್ಲನ್ನು ಕೀಳಿಸಿದವರಿಗೆ

ದವಾಖಾನೆಯ ಮುಖ್ಯ ದಂತವೈದ್ಯರಾದ ಮಾನ್ಯರೇ,

ಕಳೆದ ತಿಂಗಳು ನಿಮ್ಮ ದವಾಖಾನೆಯಲ್ಲಿ ನನ್ನ ಏಳು ವರ್ಷದ ಮಗಳು ಅಂಬಾಳ ಗಟ್ಟಿಯಾದ ದವಡೆಹಲ್ಲೊಂದನ್ನು ಕಿತ್ತುಹಾಕಿದರು. ಹುಳುಕು ನಿಲ್ಲಲೆಂದು ನೀವೇ ಮದ್ದು ಹಚ್ಚಿದ್ದ ಹಲ್ಲು ಅದು. ಮದ್ದು ನಾಟಿತು, ಹಲ್ಲು ಉಳಿಯಿತು. ಅದಕ್ಕೇ ಅದನ್ನು ಕಿತ್ತರು.

ಒಗಟು ಹೇಳುತ್ತಿಲ್ಲ, ನಡೆದದ್ದನ್ನೇ ಹೇಳುತ್ತಿದ್ದೇನೆ. ಹೋದ ವರ್ಷ ಭವಾನಿ ಪೇಟೆಯ ಶಾಲೆಗೆ ಬಂದು, ಮಕ್ಕಳ ಹಾಲುದವಡೆಹಲ್ಲುಗಳಿಗೆ ಯಾವ ಚಿಕಿತ್ಸೆ ಮೇಲೆಂದು ಹೋಲಿಸಿ ನೋಡುತ್ತೇವೆ ಎಂದಿರಿ. ಇಪ್ಪತ್ತಾರು ಮಕ್ಕಳನ್ನು ಆರಿಸಿದಿರಿ. ಎಡಗಡೆಯ ಹುಳುಕು ಹಲ್ಲಿಗೆ ಕೊರೆಯದೆ ಬೆಳ್ಳಿಯ ಕರಿಮದ್ದು; ಬಲಗಡೆಯದಕ್ಕೆ ಕಾಲಲ್ಲಿ ತುಳಿಯುವ ಯಂತ್ರದಿಂದ ಕೊರೆದು ಸಿಮೆಂಟು. ನನ್ನ ತಾಯಿ ಚನ್ನಬಸವ್ವ, "ಹಾಲಹಲ್ಲು ಹೆಂಗೂ ಬೀಳತಾವು, ಅದಕ್ಯಾಕ ಇಷ್ಟೆಲ್ಲಾ?" ಎಂದಳು. ನೀವು ನಕ್ಕು ನಮ್ಮ ಭಾಷೆಯಲ್ಲೇ ಹೇಳಿದಿರಿ: "ಹಗುರ ಮಾಡಬ್ಯಾಡ್ರಿ ಅವ್ವಾರ. ಅದು ದೊಡ್ಡ ಹಲ್ಲಿಗೆ ಜಾಗಾ ಹಿಡದು ಕುಂತಿರ್ತದ. ಮದ್ದು ಹಚ್ಚಿದ್ದು ಕರ್ರಗ ಆಗತದ, ಅಂಜಬ್ಯಾಡ್ರಿ. ಕರ್ರಗಾತಂದ್ರ ಹುಳುಕು ನಿಂತದ ಅಂತ ತಿಳೀರಿ."

ಈ ಪುಣೆಯಲ್ಲಿ ನಮ್ಮ ಕಡೆಯ ಮಾತಾಡುವ ಸಾಹೇಬರು ಎಷ್ಟು ಮಂದಿ ಸಿಗುತ್ತಾರೆ? ನಂಬಿದೆವು. ಹಲ್ಲು ಕರ್ರಗಾಯಿತು, ನೋವು ಹೋಯಿತು. ಪಕ್ಕದ ಖೋಲಿಯ ರಂಗೂಬಾಯಿ ಮಾತ್ರ, ಇಷ್ಟು ಚಿಕ್ಕ ಹುಡುಗಿಗೆ ಸುಟ್ಟ ತಂಬಾಕಿನ ಮಿಶ್ರಿ ತಿಕ್ಕಲು ಕಲಿಸಿದ್ದಾರೆಂದು ಓಣಿಯೆಲ್ಲ ಸಾರಿದಳು. ಅಂಬಾ ಅಳುತ್ತಿದ್ದಳು. ಕರಿದಾದರೆ ಛಲೋ ಆದಂತೆ ಎಂದು ನಾನು ದಿನಾ ಸಮಾಧಾನ ಹೇಳುತ್ತಿದ್ದೆ, ನಿಮ್ಮ ಮಾತನ್ನೇ ಗಿಣಿಯ ಹಾಗೆ. ಬಲಗಡೆಯ ಸಿಮೆಂಟಾದರೋ ನಾಲ್ಕೇ ತಿಂಗಳಲ್ಲಿ ರೊಟ್ಟಿಯ ತುತ್ತಿನೊಂದಿಗೆ ಹೊರಬಂದಿತ್ತು.

ವರ್ಷದ ತಪಾಸಣೆಗೆ ನೀವು ಕೂರಲಿಲ್ಲ. ಹೊಸ ಸಹಾಯಕರನ್ನು ಕೂರಿಸಿದಿರಿ. ಕರಿ ಎಂದರೆ ಏನರ್ಥವೆಂದು ಅವರಿಗೆ ಹೇಳಿದ್ದಿರಾ? ಇಪ್ಪತ್ತಾರು ಮನೆಗಳ ಅಜ್ಜಿಯರಿಗೆ ತಿಳಿದಿದ್ದ ಸಂಗತಿ ಅವರೊಬ್ಬರಿಗೆ ತಿಳಿದಿರಲಿಲ್ಲ. ಅವರು ಕನ್ನಡಿ ಹಿಡಿದು ನೋಡಿ ಮರಾಠಿಯಲ್ಲಿ, "ದಾಢ ಕಾಳೀ ಆಹೇ, ಕಾಢಾ" ಎಂದರು. ಕರ್ರಗಾಗಿದೆ, ಕೀಳಿರಿ ಎಂದು! ಅದು ಮದ್ದಿನ ಬಣ್ಣ ಎಂದು ನಾನು ಬೇಡಿಕೊಂಡೆ. ಅವರು ಕೆಟ್ಟ ಹಲ್ಲನ್ನೆಲ್ಲ ಕೀಳಬೇಕೆಂದು ಮೇಜಿನ ಮೇಲಿದ್ದ ನಿಮ್ಮ ಸಹಿಯ ಆಜ್ಞೆ ತೋರಿಸಿದರು. ನಿಮ್ಮ ಸಹಿ ಕಂಡ ಮೇಲೆ ಅವರು ಹೇಳಿದಂತೆ ನಾನೇ ಮಗಳ ತಲೆ ಹಿಡಿದುಕೊಂಡೆ. ಆಮೇಲೆ ಪಕ್ಕದ ಕೋಣೆಗೆ ಬಂದು ನಿಮ್ಮನ್ನು ಕೇಳಿದರೆ ಏನಂದಿರಿ, ನೆನಪಿದೆಯೇ? "ಹಾಲಹಲ್ಲು ಹೆಂಗೂ ಬೀಳೂದ ಅಲ್ಲೇನೋ? ಯಾಕ ಇಷ್ಟು ಒದರ್ತಿ?" ನನ್ನ ತಾಯಿ ಅಂದಾಗ ಅಜ್ಞಾನವಾಗಿದ್ದ ಮಾತು ನಿಮ್ಮ ಬಾಯಲ್ಲಿ ಅದು ಯಾವಾಗ ವೈದ್ಯಶಾಸ್ತ್ರವಾಯಿತು, ಮಾನ್ಯರೇ? ಎಲುಬಿಲ್ಲದ ನಾಲಿಗೆ ಎನ್ನುತ್ತಾರೆ. ನೀವು ಹಲ್ಲು ನೋಡುವವರು, ನಾಲಿಗೆಯ ಕಡೆಗೂ ಗಮನವಿರಲಿ.

ಇಷ್ಟಕ್ಕೇ ನಿಂತಿದ್ದರೆ ಹಣೆಬರಹವೆಂದು ಸುಮ್ಮನಿರುತ್ತಿದ್ದೆನೇನೋ. ಆದರೆ ನಾನು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವವನು. ಮೊನ್ನೆ ನಿಮ್ಮ ವರದಿ ನನ್ನ ಕೈಗೇ ಬಂತು. "ಕರಿಮದ್ದು: ಇಪ್ಪತ್ತಾರರಲ್ಲಿ ಇಪ್ಪತ್ನಾಲ್ಕು ವಿಫಲ. ಹಾಲುದವಡೆಹಲ್ಲುಗಳನ್ನು ಕೀಳುವುದೇ ಸೂಕ್ತ." ಮಗಳ ಹಲ್ಲಿನ ಮೇಲೆ ಹೊರಿಸಿದ ಸುಳ್ಳನ್ನು ಒಂದೊಂದೇ ಅಕ್ಷರವಾಗಿ ಜೋಡಿಸಿದವನು ನಾನೇ. ಇದನ್ನು ಬಯಲು ಮಾಡಿದ್ದಕ್ಕೆ ನಮ್ಮ ಮಾಲೀಕರು ನನ್ನನ್ನು ಮನೆಗೆ ಕಳಿಸಬಹುದು, ಕಳಿಸಲಿ.

ಬಿದ್ದ ಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯುವುದು ನಮ್ಮ ಮನೆಯ ಪದ್ಧತಿ. ಅವ್ವ ಸಗಣಿ ಹಿಡಿದೇ ನಿಂತಿದ್ದಳು, ನಾನು ಕೊಡಲಿಲ್ಲ. ಮುದ್ರಣಾಲಯದಲ್ಲಿ ಸೀಸದ ಪಟ್ಟಿ ಕೊಯ್ಯುವ ಗರಗಸದಿಂದ ಆ ಹಲ್ಲನ್ನು ಸೀಳಿದೆ. ಕರಿ ಪದರದ ಕೆಳಗೆ ಹಲ್ಲು ಒಣಗಿ ಕಲ್ಲಾಗಿತ್ತು, ಮೆತ್ತನೆಯ ಹುಳುಕು ಒಂದು ಸಾಸಿವೆಯಷ್ಟೂ ಇರಲಿಲ್ಲ. ಎರಡೂ ಹೋಳು ನನ್ನ ಬಳಿ ಇವೆ, ಯಾವ ವೈದ್ಯರು ಬೇಕಾದರೂ ಬಂದು ನೋಡಲಿ.

ತಪಾಸಣೆಯ ದಿನ ಒಂಬತ್ತು ಮಕ್ಕಳ ಹಲ್ಲು ಹೋದವು. ವಿಫಲವೆಂದು ಬರೆದ ಇಪ್ಪತ್ನಾಲ್ಕರಲ್ಲಿ ಉಳಿದ ಹದಿನೈದು ಮಕ್ಕಳನ್ನು ಬರುವ ಸೋಮವಾರ ಕರೆದಿದ್ದೀರಿ. ಆ ಇಕ್ಕಳವನ್ನು ಕೆಳಗಿಡಿ. ಆ ಹದಿನೈದು ಹಲ್ಲುಗಳನ್ನು ನೀವೇ ಮುಟ್ಟಿ ನೋಡಿ, ವರದಿಯನ್ನು ತಿದ್ದಿ. ತಿದ್ದಿದ್ದನ್ನು ರಜೆಯ ದಿನ ಕೂತಾದರೂ ನಾನೇ ಜೋಡಿಸಿಕೊಡುತ್ತೇನೆ.

ಇನ್ನೊಂದು ಕೆಲಸವಿದೆ, ಅದಕ್ಕೆ ನೀವು ನಮ್ಮ ಮನೆಗೇ ಬರಬೇಕು. ಅಂಬಾ ಈಗ ನನ್ನೆದುರು ಬಾಯಿ ತೆರೆಯುವುದಿಲ್ಲ. ಗೋಡೆಯ ಕಡೆ ತಿರುಗಿ ಉಣ್ಣುತ್ತಾಳೆ. ಹೋದ ವಾರ ಒಂದೇ ಒಂದು ಮಾತು ಕೇಳಿದಳು: "ಕರಿದಾದ್ರ ಛಲೋ ಅಂದಿದ್ದೆಲ್ಲಪ್ಪಾ, ಮತ್ತ ಯಾಕ ಹಿಡಕೊಂಡಿ?" ಬಂದು ಅವಳಿಗೆ ನೀವೇ ಉತ್ತರ ಹೇಳಿ.

ಇಂತಿ,
ನಿಮ್ಮ ಸಹಿಯನ್ನು ನಂಬಿ ಮಗಳ ತಲೆಯನ್ನು ಅಲುಗದಂತೆ ಹಿಡಿದುಕೊಟ್ಟವನು,
ಸಂಕಪ್ಪ
ಭವಾನಿ ಪೇಟೆ, ಪುಣೆ