ಹಳೆಯ ವಿಮಾನದ ಕೈ

ಬುಧವಾರ, ಹದಿನಾಲ್ಕನೇ ತಾರೀಖು

ನನ್ನ ಅತ್ತಿಗೆಗೆ ಪ್ರೀತಿಯ ನಮಸ್ಕಾರ.

ನಿನ್ನೆ ಫೋನಿನಲ್ಲಿ ನೀವು, "ಸಿಮ್ಯುಲೇಟರ್ ಕೆಟ್ಟಿತ್ತಂತೆ, ಅದಕ್ಕೇ ನಿಮ್ಮಣ್ಣಂಗೆ ಸರ್ಟಿಫಿಕೇಟ್ ಸಿಗ್ಲಿಲ್ವಂತೆ, ಹೌದಾ?" ಎಂದು ಕೇಳಿದಿರಿ. ನಾನು ಹೂಂ ಎಂದೆ. ಅದು ಸುಳ್ಳು. ಸಿಮ್ಯುಲೇಟರ್ ಗಟ್ಟಿಮುಟ್ಟಾಗಿದೆ. ಸಹಿ ಹಾಕದವಳು ನಾನು. ಶನಿವಾರ ಅವನು ತನ್ನ ಪುಟ್ಟ ಜೆಟ್‌ನಲ್ಲಿ ನಿಮ್ಮನ್ನೂ ಮಗಳನ್ನೂ ಕರೆದೊಯ್ಯುವವನಿದ್ದನಲ್ಲ, ಆದ್ದರಿಂದ ನಿಮಗೆ ನಿಜ ತಿಳಿಯಬೇಕು.

ನಮ್ಮ ಸಿಮ್ಯುಲೇಟರ್ ಹೊರಗಿನಿಂದ ಆರು ಕಾಲಿನ ಬಿಳಿ ಡಬ್ಬ. ಒಳಗೆ ಥೇಟ್ ಅಣ್ಣನ ಜೆಟ್‌ನ ಕಾಕ್‌ಪಿಟ್. ಪೈಲಟ್‌ಗಳು ವರ್ಷಕ್ಕೊಮ್ಮೆ ಬಂದು, ನಿಜದಲ್ಲಿ ಬರಬಾರದ ಅಪಾಯಗಳನ್ನು ಇಲ್ಲಿ ಎದುರಿಸಿ ಹೋಗುತ್ತಾರೆ. ಅಣ್ಣ ಬಾಗಿಲಲ್ಲೇ ಶುರು ಮಾಡಿದ: "ಏನ್ ಮೇಡಂ, ಗುರುವಿಗೇ ತಿರುಮಂತ್ರಾನಾ?" ನನಗೆ ಹಾರಲು ಕಲಿಸಿದವನು ಅವನೇ ತಾನೆ.

ಎರಡು ಗಂಟೆ ಒಂದು ತಪ್ಪಿಲ್ಲ. ಎಂಜಿನ್ ನಿಲ್ಲಿಸಿದೆ, ಮಂಜು ಕವಿಸಿದೆ. ನೀರು ಕುಡಿದಷ್ಟು ಸುಲಭವಾಗಿ ನಿಭಾಯಿಸಿದ. ಕೊನೆಗೆ, ಇನ್ನೇನು ಇಳಿಯಬೇಕು ಎನ್ನುವಾಗ, ರನ್‌ವೇಗೆ ಒಂದು ಲಾರಿ ತಂದು ನಿಲ್ಲಿಸಿದೆ. ಆಗ ವೇಗ ಹೆಚ್ಚಿಸಿ, ಚಕ್ರ ಮಡಚಿ ಮತ್ತೆ ಮೇಲೇರಬೇಕು. "ಚಕ್ರ ಮೇಲೆ" ಎಂದು ಬಾಯಲ್ಲಿ ಸರಿಯಾಗಿಯೇ ಹೇಳಿದ. ಕೈ ಮಾತ್ರ ಪಕ್ಕದ ಹಿಡಿಗೆ ಹೋಗಿ ಫ್ಲ್ಯಾಪ್ ಎತ್ತಿತು. ರೆಕ್ಕೆಯ ಹಿಂದೆ ಇಳಿಬಿಟ್ಟಿರುವ ಆ ಪಟ್ಟಿಗಳೇ ನಿಧಾನವಾದ ವಿಮಾನವನ್ನು ಎತ್ತಿ ಹಿಡಿಯುವುದು. ವಿಮಾನ ಕುಸಿಯಿತು, ಪರದೆ ಕೆಂಪಾಯಿತು.

"ನಾನು ಚಕ್ರಾನೇ ಎತ್ತಿದ್ದು ಕಣೇ, ನಿನ್ನ ಡಬ್ಬಾನೇ ಸರಿ ಇಲ್ಲ" ಎಂದು ರೇಗಿದ. ಮತ್ತೊಮ್ಮೆ ಮಾಡಿಸಿದೆ, ಎಚ್ಚರದಿಂದಿದ್ದ, ಸರಿಯಾಯಿತು. ಗಡಿಬಿಡಿ ಹೆಚ್ಚಿಸಿದೆ; ಕೈ ಮತ್ತೆ ಅಲ್ಲಿಗೇ ಹೋಯಿತು.

ಬಾಯಿಗೆ ಗೊತ್ತಿರುವುದು ಕೈಗೆ ಯಾಕೆ ಗೊತ್ತಿಲ್ಲ? ಅವನು ಹದಿನೆಂಟು ವರ್ಷ ಹಾರಿಸಿದ ಹಳೆಯ ವಿಮಾನದ ಫೋಟೋ ಹುಡುಕಿ ತೆಗೆದೆ. ಜೆಟ್‌ನಲ್ಲಿ ಫ್ಲ್ಯಾಪ್ ಹಿಡಿ ಇರುವ ಜಾಗದಲ್ಲಿ ಅದರಲ್ಲಿ ಚಕ್ರದ ಹಿಡಿ! ಹೊಸದನ್ನು ಹತ್ತಿ ಮೂರು ವರ್ಷವಾದರೂ, ಗಾಬರಿಯಾದ ಕೈ ತವರಿಗೇ ಓಡುತ್ತದೆ.

ಹೊರಡುವಾಗ ಅಣ್ಣ, "ಮುದುಕ ಆದೆ ಅಂತ ನೇರವಾಗಿ ಹೇಳಬಾರದಾ?" ಎಂದ. ಅಲ್ಲ ಎನ್ನುವ ಬದಲು ನಾನು ಸಹಿಯಿಲ್ಲದ ಹಾಳೆಯನ್ನು ಅವನ ಕೈಗಿಟ್ಟೆ. ಗುರುವಿನ ತಪ್ಪು ಹಿಡಿದೆನೆಂಬ ಒಳಗಿನ ಖುಷಿಯೇ ಬಾಯಿ ಕಟ್ಟಿತೇನೋ, ನನಗೇ ಗೊತ್ತಿಲ್ಲ. ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ, ಅತ್ತಿಗೆ. ನಾಲ್ಕೈದು ದಿನ ಕೂತು ಅಭ್ಯಾಸ ಮಾಡಿದರೆ ಕೈ ಹೊಸ ದಾರಿ ಕಲಿಯುತ್ತದೆ. ಆದರೆ ಅವನು ಬರಬೇಕಲ್ಲ. ನನ್ನ ಫೋನನ್ನೇ ಎತ್ತುತ್ತಿಲ್ಲ.

ಶನಿವಾರ ದಯವಿಟ್ಟು ರೈಲಿನಲ್ಲಿ ಹೋಗಿ.

ನಿಮ್ಮ ನಾದಿನಿ

ತಾ.ಕ.: ಹಿಂದಿನ ಕುರ್ಚಿಯಿಂದ ತಪ್ಪು ಹುಡುಕುವುದಷ್ಟೇ ನನ್ನ ಕೆಲಸವಾಗಿ ವರ್ಷಗಳಾದವು. ಇವತ್ತು ಬೆಳಿಗ್ಗೆ ಪೈಲಟ್ ಸೀಟಿನಲ್ಲಿ ನಾನೇ ಕೂತು, ಹೇಳದೇ ಕೇಳದೇ ಲಾರಿ ತಂದು ನಿಲ್ಲಿಸು ಎಂದು ನಮ್ಮ ಟೆಕ್ನಿಷಿಯನ್‌ಗೆ ಹೇಳಿದೆ. ಪರದೆ ಕೆಂಪಾಯಿತು. ನಾನೂ ಕಲಿತದ್ದು ಆ ಹಳೆಯ ವಿಮಾನದಲ್ಲೇ ಅಲ್ಲವೇ, ಅವನ ಪಕ್ಕದಲ್ಲಿ ಕೂತು. ಸೋಮವಾರದ ತರಬೇತಿಗೆ ಇಬ್ಬರ ಹೆಸರನ್ನೂ ಬರೆಸಿದ್ದೇನೆ. ಈ ಕೊನೆಯ ನಾಲ್ಕು ಸಾಲನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಿ.